ಮೇರಿಲ್ಯಾಂಡ್ ಬ್ಲೂಪ್ರಿಂಟ್ ಶಿಕ್ಷಣ ಕಾಯ್ದೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮೇರಿಲ್ಯಾಂಡ್ ರಾಜ್ಯವು ತನ್ನ ಸರ್ಕಾರಿ ಶಾಲೆಗಳ ಸುಧಾರಣೆಗಾಗಿ 2021ರಲ್ಲಿ ಜಾರಿಗೆ ತಂದ ಕಾನೂನು. ಇದರ ಪೂರ್ಣ ಹೆಸರು 'ಬ್ಲೂಪ್ರಿಂಟ್ ಫಾರ್ ಮೇರಿಲ್ಯಾಂಡ್ಸ್ ಫ್ಯೂಚರ್'. ಇದರ ರೂಪುರೇಷೆ ಸಿದ್ಧಪಡಿಸಿದ ಆಯೋಗದ ಅಧ್ಯಕ್ಷರ ಹೆಸರಿನಿಂದ ಜನರ ಮಾತಿನಲ್ಲಿ ಇದು 'ಕರ್ವನ್ ಯೋಜನೆ' ಎಂದೂ ಕರೆಸಿಕೊಂಡಿತು. ಮೂರು ವರ್ಷದ ಮಗುವಿನ ಪೂರ್ವಪ್ರಾಥಮಿಕ ಶಿಕ್ಷಣದಿಂದ ಹಿಡಿದು ಹದಿನೆಂಟರ ವಿದ್ಯಾರ್ಥಿಯ ಉದ್ಯೋಗ ತರಬೇತಿಯವರೆಗಿನ ಹಂತಗಳನ್ನು ಇದು ಒಂದೇ ಕಾನೂನಿನಡಿ ತರುತ್ತದೆ. ಅನುದಾನ, ಶಿಕ್ಷಕರ ಸಂಬಳ ಮತ್ತು ಮೇಲ್ವಿಚಾರಣೆಯನ್ನೂ ಅದಕ್ಕೇ ಜೋಡಿಸಿರುವುದು ಈ ಕಾಯ್ದೆಯ ವಿಶೇಷ.

ಹಿನ್ನೆಲೆ

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವಿಲ್ಲ. ಶಾಲೆಗಳ ಹೊಣೆ ರಾಜ್ಯಗಳದ್ದು. ಮೇರಿಲ್ಯಾಂಡ್‌ನಲ್ಲಿ 23 ಕೌಂಟಿಗಳು ಮತ್ತು ಬಾಲ್ಟಿಮೋರ್ ನಗರ ಸೇರಿ 24 ಶಾಲಾ ಆಡಳಿತ ಘಟಕಗಳಿವೆ. ಖರ್ಚನ್ನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ಇದರಿಂದಾಗಿ ಶ್ರೀಮಂತ ಕೌಂಟಿಯ ಶಾಲೆಗೂ ಬಡ ಪ್ರದೇಶದ ಶಾಲೆಗೂ ಅಂತರ ಬೆಳೆಯುತ್ತ ಬಂದಿತ್ತು.

ಈ ಅಂತರ ತಗ್ಗಿಸುವ ಮೊದಲ ದೊಡ್ಡ ಪ್ರಯತ್ನ 2002ರ 'ಬ್ರಿಡ್ಜ್ ಟು ಎಕ್ಸಲೆನ್ಸ್' ಕಾಯ್ದೆ. ಆಲ್ವಿನ್ ಥಾರ್ನ್‌ಟನ್ ಅಧ್ಯಕ್ಷತೆಯ ಆಯೋಗದ ಶಿಫಾರಸಿನಂತೆ ರೂಪುಗೊಂಡ ಅದು ಬಡ ಮಕ್ಕಳು, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಹಾಗೂ ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ ತಲಾವಾರು ಹೆಚ್ಚುವರಿ ಅನುದಾನ ಒದಗಿಸಿತು. 2008ರ ಆರ್ಥಿಕ ಹಿಂಜರಿತದ ಹೊತ್ತಿಗೆ ಬೆಲೆಯೇರಿಕೆಗೆ ತಕ್ಕಂತೆ ಈ ಅನುದಾನವನ್ನು ಹೆಚ್ಚಿಸುವ ನಿಯಮಕ್ಕೆ ಕಡಿವಾಣ ಬಿತ್ತು.

2009ರಿಂದ 2013ರವರೆಗೆ 'ಎಜುಕೇಷನ್ ವೀಕ್' ಪತ್ರಿಕೆ ಮೇರಿಲ್ಯಾಂಡ್‌ಗೆ ಸತತವಾಗಿ ದೇಶದ ಮೊದಲ ಸ್ಥಾನ ನೀಡಿತ್ತು. ಆದರೆ ರಾಷ್ಟ್ರಮಟ್ಟದ ಕಲಿಕಾ ಪರೀಕ್ಷೆಗಳಲ್ಲಿ ರಾಜ್ಯದ ಮಕ್ಕಳ ಸಾಧನೆ ಸಾಧಾರಣವಾಗಿಯೇ ಉಳಿದಿತ್ತು.

ಕರ್ವನ್ ಆಯೋಗ

2016ರಲ್ಲಿ ಶಾಸಕಾಂಗವು 25 ಸದಸ್ಯರ ಆಯೋಗವೊಂದನ್ನು ರಚಿಸಿತು. ಗಣಿತಜ್ಞರೂ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ವ್ಯವಸ್ಥೆಯ ಮಾಜಿ ಕುಲಪತಿಯೂ ಆದ ವಿಲಿಯಂ 'ಬ್ರಿಟ್' ಕರ್ವನ್ ಅದರ ಅಧ್ಯಕ್ಷರು. ಆಯೋಗವು ಫಿನ್‌ಲ್ಯಾಂಡ್, ಸಿಂಗಪುರ, ಶಾಂಘೈ, ಕೆನಡಾದ ಒಂಟಾರಿಯೊ ಮತ್ತು ಅಮೆರಿಕದ್ದೇ ಆದ ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳ ಶಾಲಾ ವ್ಯವಸ್ಥೆಗಳ ಜೊತೆ ಮೇರಿಲ್ಯಾಂಡನ್ನು ಹೋಲಿಸಿ ನೋಡಿತು. ಪ್ರೌಢಶಾಲೆ ಮುಗಿಸುವವರಲ್ಲಿ 40 ಪ್ರತಿಶತಕ್ಕಿಂತ ಕಡಿಮೆ ಮಂದಿ ಮಾತ್ರ ಹತ್ತನೇ ತರಗತಿಯ ಮಟ್ಟದ ಓದು ಮತ್ತು ಆರಂಭಿಕ ಬೀಜಗಣಿತದಲ್ಲಿ ತೇರ್ಗಡೆಯಾಗುತ್ತಿದ್ದಾರೆ ಎಂಬುದು ಅದರ ಮುಖ್ಯ ಅವಲೋಕನ. ಎದ್ದುಕಾಣುವ ಈ ಕೊರತೆಯೇ ಮುಂದಿನ ಶಿಫಾರಸುಗಳಿಗೆಲ್ಲ ಆಧಾರವಾಯಿತು.

ಅಂಗೀಕಾರದ ಹಾದಿ

ಹಣದ ದಾರಿ ಮೊದಲೇ ಸಿದ್ಧವಾಗುತ್ತ ಬಂದಿತ್ತು. 2018ರ ನವೆಂಬರ್‌ನಲ್ಲಿ ಮತದಾರರು, ಕ್ಯಾಸಿನೊ ಆದಾಯವನ್ನು ಶಿಕ್ಷಣದ ಹಳೆಯ ಅನುದಾನಕ್ಕೆ ಬದಲಾಗಿ ಬಳಸದೆ ಅದರ ಮೇಲೆ ಹೆಚ್ಚುವರಿಯಾಗಿಯೇ ಕೊಡಬೇಕೆಂಬ ಸಂವಿಧಾನ ತಿದ್ದುಪಡಿಯನ್ನು ಭಾರಿ ಬಹುಮತದಿಂದ ಒಪ್ಪಿದರು. 2019ರಲ್ಲಿ ಕೆಲವು ಆರಂಭಿಕ ಕಾರ್ಯಕ್ರಮಗಳಿಗೆ ಹಣ ಒದಗಿಸುವ ಕಾಯ್ದೆ ಬಂತು.

ಮುಖ್ಯ ಮಸೂದೆ ಅಂಗೀಕಾರವಾದದ್ದು 2020ರ ಮಾರ್ಚ್‌ನಲ್ಲಿ. ಕೋವಿಡ್ ಹರಡುವ ಭೀತಿಯಿಂದ ಆ ಸಲ ಶಾಸಕಾಂಗದ ಅಧಿವೇಶನ ಅವಧಿಗೆ ಮುನ್ನವೇ ಮುಗಿಯಿತು. ಅಂತರ್ಯುದ್ಧದ ಕಾಲದ ಬಳಿಕ ಹಾಗಾದದ್ದು ಅದೇ ಮೊದಲು. ಸಾಂಕ್ರಾಮಿಕದಿಂದ ಆರ್ಥಿಕತೆ ಕುಸಿದಿರುವಾಗ ಇಷ್ಟು ದೊಡ್ಡ ವೆಚ್ಚ ತರವಲ್ಲವೆಂದು ರಿಪಬ್ಲಿಕನ್ ಗವರ್ನರ್ ಲ್ಯಾರಿ ಹೋಗನ್ ಮೇ ತಿಂಗಳಲ್ಲಿ ಮಸೂದೆಯನ್ನು ವೀಟೋ ಮಾಡಿದರು. ಮೇರಿಲ್ಯಾಂಡ್‌ನಲ್ಲಿ ಎರಡೂ ಸದನಗಳ ಐದನೇ ಮೂರರಷ್ಟು ಮತ ದೊರೆತರೆ ವೀಟೋ ಬಿದ್ದುಹೋಗುತ್ತದೆ. ಡೆಮಾಕ್ರಟಿಕ್ ಬಹುಮತದ ಸದನಗಳು 2021ರ ಫೆಬ್ರವರಿಯಲ್ಲಿ ಅದನ್ನು ಬದಿಗೆ ಸರಿಸಿ ಕಾಯ್ದೆಯನ್ನು ಜಾರಿಗೆ ತಂದವು. ದೊಡ್ಡ ಕಂಪನಿಗಳ ಡಿಜಿಟಲ್ ಜಾಹೀರಾತು ಆದಾಯದ ಮೇಲೆ ತೆರಿಗೆ ಹಾಕುವ, ದೇಶದಲ್ಲೇ ಮೊದಲನೆಯದಾದ ಕಾನೂನಿಗೂ ಅದೇ ಸಮಯದಲ್ಲಿ ಅದೇ ರೀತಿ ಜೀವ ಬಂತು. ಅದರ ವರಮಾನವನ್ನು ಬ್ಲೂಪ್ರಿಂಟ್ ನಿಧಿಗೆ ಗೊತ್ತುಮಾಡಲಾಯಿತು.

ಐದು ಸ್ತಂಭಗಳು

ಕಾಯ್ದೆಯ ಅಂಶಗಳನ್ನು ಐದು ಸ್ತಂಭಗಳೆಂದು ವಿಂಗಡಿಸುವುದು ರೂಢಿ.

1. ಪೂರ್ವಪ್ರಾಥಮಿಕ ಶಿಕ್ಷಣ: ಫೆಡರಲ್ ಬಡತನ ರೇಖೆಯ ಮೂರು ಪಟ್ಟಿನೊಳಗೆ ಆದಾಯವಿರುವ ಕುಟುಂಬಗಳ ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಪೂರ್ಣದಿನದ ಉಚಿತ ಶಿಕ್ಷಣವನ್ನು ಹಂತಹಂತವಾಗಿ ಒದಗಿಸುವುದು. ಸರ್ಕಾರಿ ಶಾಲೆಗಳ ಜೊತೆ ಖಾಸಗಿ ಶಿಶುಕೇಂದ್ರಗಳೂ ಇದರಲ್ಲಿ ಪಾಲುಗೊಳ್ಳುತ್ತವೆ.

2. ಶಿಕ್ಷಕರು: 2026ರ ಜುಲೈ ವೇಳೆಗೆ ಶಿಕ್ಷಕರ ಕನಿಷ್ಠ ವಾರ್ಷಿಕ ಸಂಬಳ 60,000 ಡಾಲರ್ ಆಗಬೇಕು. ರಾಷ್ಟ್ರೀಯ ಮಂಡಳಿಯ ಪ್ರಮಾಣಪತ್ರ ಪಡೆದವರಿಗೆ 10,000 ಡಾಲರ್ ಹೆಚ್ಚಳ, ಹಿಂದುಳಿದ ಶಾಲೆಯಲ್ಲಿ ಪಾಠ ಮಾಡಿದರೆ ಮತ್ತೆ 7,000 ಡಾಲರ್. ಬಡ್ತಿಗಾಗಿ ಶಿಕ್ಷಕರು ತರಗತಿ ಬಿಟ್ಟು ಆಡಳಿತಕ್ಕೆ ಹೋಗಬೇಕಾದ ಸ್ಥಿತಿ ತಪ್ಪಿಸಲು ನಾಲ್ಕು ಮೆಟ್ಟಿಲುಗಳ ಬಡ್ತಿ ಶ್ರೇಣಿಯನ್ನು ರೂಪಿಸಲಾಗಿದೆ. ಕೆಲಸದ ವೇಳೆಯ 60 ಪ್ರತಿಶತ ಪಾಠಕ್ಕೆ, ಉಳಿದದ್ದು ಸಿದ್ಧತೆಗೆ, ಸಹೋದ್ಯೋಗಿಗಳೊಡನೆ ಚರ್ಚೆಗೆ ಮತ್ತು ಹಿಂದುಳಿದ ಮಕ್ಕಳ ಮೇಲಿನ ಗಮನಕ್ಕೆ ಎಂಬುದು ಗುರಿ.

3. ಕಾಲೇಜು ಮತ್ತು ಉದ್ಯೋಗಕ್ಕೆ ಸಿದ್ಧತೆ: ಮುಂದೆ ವಿವರಿಸಿದೆ.

4. ಹೆಚ್ಚಿನ ಸಂಪನ್ಮೂಲ: ಬಡ ಮಕ್ಕಳೇ ಹೆಚ್ಚಾಗಿರುವ ಶಾಲೆಗಳಿಗೆ ವಿಶೇಷ ಅನುದಾನ. ಅದರಿಂದ ಶಾಲೆಗೊಬ್ಬ ಆರೋಗ್ಯ ಸಿಬ್ಬಂದಿ ಮತ್ತು ಸಮುದಾಯ ಸಂಯೋಜಕರ ನೇಮಕ. ಮೊದಲಿಗೆ 80 ಪ್ರತಿಶತ ಬಡ ಮಕ್ಕಳಿರುವ ಶಾಲೆಗಳು, ಬರಬರುತ್ತಾ 55 ಪ್ರತಿಶತ ಇರುವ ಶಾಲೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಅನುದಾನದ ಹಲವು ಬಾಬುಗಳಲ್ಲಿ ಕನಿಷ್ಠ 75 ಪ್ರತಿಶತ ಹಣ ಮಗು ಓದುವ ಶಾಲೆಗೇ ತಲುಪಬೇಕು, ಜಿಲ್ಲಾ ಕಚೇರಿಯಲ್ಲಿ ಉಳಿಯುವಂತಿಲ್ಲ.

5. ಆಡಳಿತ ಮತ್ತು ಉತ್ತರದಾಯಿತ್ವ: ಏಳು ಸದಸ್ಯರ ಸ್ವತಂತ್ರ ಅನುಷ್ಠಾನ ಮಂಡಳಿ. ಪ್ರತಿ ಶಾಲಾ ಘಟಕವೂ ತನ್ನ ಯೋಜನೆಗೆ ಇದರ ಒಪ್ಪಿಗೆ ಪಡೆಯಬೇಕು, ಪ್ರಗತಿ ಕಾಣದಿದ್ದರೆ ಅನುದಾನದ ಒಂದು ಭಾಗವನ್ನು ತಡೆಹಿಡಿಯುವ ಅಧಿಕಾರವೂ ಮಂಡಳಿಗಿದೆ. ಮಾಂಟ್ಗೊಮರಿ ಕೌಂಟಿಯ ಮಾಜಿ ಮುಖ್ಯಾಧಿಕಾರಿ ಐಸಯ್ಯ ಲೆಗೆಟ್ ಇದರ ಮೊದಲ ಅಧ್ಯಕ್ಷರು.

ಉದ್ಯೋಗ ಸಿದ್ಧತೆ

ಹತ್ತನೇ ತರಗತಿ ಮುಗಿಯುವುದರೊಳಗೆ ವಿದ್ಯಾರ್ಥಿಯು ಇಂಗ್ಲಿಷ್ ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಎಂಬುದು ಕಾಯ್ದೆಯ ನಡುಗಂಬ. ಮುಟ್ಟಿದವರಿಗೆ ಕೊನೆಯ ಎರಡು ವರ್ಷಗಳಲ್ಲಿ ಮೂರು ದಾರಿಗಳಿವೆ: ಉನ್ನತ ಮಟ್ಟದ ಶಾಲಾ ಪಠ್ಯಕ್ರಮ, ಶುಲ್ಕವಿಲ್ಲದೆ ಸಮುದಾಯ ಕಾಲೇಜಿನ ತರಗತಿ, ಅಥವಾ ವೃತ್ತಿಶಿಕ್ಷಣ. ಮುಟ್ಟದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಾಲೆಯ ಹೊಣೆ. ಆರಂಭದಲ್ಲಿ ಪರೀಕ್ಷೆಯ ಫಲಿತಾಂಶವೊಂದೇ ಅಳತೆಗೋಲಾಗಿತ್ತು. ಕಾಲೇಜಿನಲ್ಲಿ ಚೆನ್ನಾಗಿ ಓದಬಲ್ಲ ಅನೇಕರು ಆ ಅಳತೆಗೆ ಸಿಗುತ್ತಿಲ್ಲವೆಂದು ಅಧ್ಯಯನದಿಂದ ತಿಳಿದ ಮೇಲೆ, 2024ರಲ್ಲಿ ರಾಜ್ಯ ಶಿಕ್ಷಣ ಮಂಡಳಿಯು ತರಗತಿಯ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

2030–31ರ ವೇಳೆಗೆ ಪ್ರೌಢಶಾಲೆ ಮುಗಿಸುವವರಲ್ಲಿ 45 ಪ್ರತಿಶತ ಮಂದಿ ನೋಂದಾಯಿತ ಅಪ್ರೆಂಟಿಸ್‌ಶಿಪ್‌ನ ಶಾಲಾ ಹಂತವನ್ನು ಪೂರೈಸಿರಬೇಕು ಅಥವಾ ಉದ್ಯಮ ಮಾನ್ಯ ಮಾಡಿದ ಪ್ರಮಾಣಪತ್ರ ಪಡೆದಿರಬೇಕು ಎಂಬ ಗುರಿ ಇಡಲಾಗಿದೆ. ಇದರ ಉಸ್ತುವಾರಿ ಶಿಕ್ಷಣ ಇಲಾಖೆಯದಲ್ಲ. ರಾಜ್ಯದ ಉದ್ಯೋಗಬಲ ಅಭಿವೃದ್ಧಿ ಮಂಡಳಿಯಡಿ ಇದಕ್ಕಾಗಿಯೇ ಸಮಿತಿಯೊಂದಿದೆ. ಮಾಧ್ಯಮಿಕ ಶಾಲೆಯಿಂದಲೇ ವೃತ್ತಿ ಮಾರ್ಗದರ್ಶನ ಕೊಡಲು ಶಾಲಾ ಘಟಕ, ಸಮುದಾಯ ಕಾಲೇಜು ಮತ್ತು ಸ್ಥಳೀಯ ಉದ್ಯೋಗ ಮಂಡಳಿಗಳು ಒಪ್ಪಂದ ಮಾಡಿಕೊಳ್ಳುತ್ತವೆ. ವಿದ್ಯಾರ್ಥಿಗಳನ್ನು ಒಪ್ಪಿಸುವುದಕ್ಕಿಂತ ಹದಿಹರೆಯದವರನ್ನು ಸಂಬಳ ಕೊಟ್ಟು ಕಲಿಸಲು ಮುಂದಾಗುವ ಉದ್ಯೋಗದಾತರನ್ನು ಹುಡುಕುವುದೇ ಕಠಿಣವೆನಿಸಿತು. ಅಪ್ರೆಂಟಿಸ್‌ಶಿಪ್ ವಿಸ್ತರಣೆಯ ದಾರಿ ಹುಡುಕಲು 2023ರಲ್ಲಿ ಪ್ರತ್ಯೇಕ ಆಯೋಗವೊಂದು ರಚನೆಯಾಯಿತು.

ವೆಚ್ಚ, ಟೀಕೆ, ತಿದ್ದುಪಡಿ

ಯೋಜನೆ ಪೂರ್ಣಪ್ರಮಾಣದಲ್ಲಿ ಜಾರಿಯಾದಾಗ ವರ್ಷಕ್ಕೆ ಸುಮಾರು 380 ಕೋಟಿ ಡಾಲರ್ ಹೆಚ್ಚುವರಿ ವೆಚ್ಚ ಬರುವುದೆಂದು ಅಂದಾಜಿಸಲಾಗಿತ್ತು. ಇದರಲ್ಲಿ ಸ್ಥಳೀಯ ಸರ್ಕಾರಗಳ ಪಾಲೂ ಇರುವುದರಿಂದ ಕೌಂಟಿಗಳು ತಮ್ಮ ಬಜೆಟ್‌ಗೆ ಹೊರೆಯಾಗುತ್ತಿದೆ ಎಂದು ದೂರಿದವು. ಎಲ್ಲ ಪ್ರದೇಶಕ್ಕೂ ಒಂದೇ ಅಚ್ಚು ಹೊಂದದು ಎಂಬುದು ಸಣ್ಣ ಗ್ರಾಮೀಣ ಕೌಂಟಿಗಳ ತಕರಾರು. ಪಾಠದ ವೇಳೆ ಇಳಿಸಬೇಕಾದರೆ ಇನ್ನಷ್ಟು ಶಿಕ್ಷಕರು ಬೇಕು, ಆದರೆ ಶಿಕ್ಷಕರದೇ ಕೊರತೆ ಎಂಬ ಇಕ್ಕಟ್ಟೂ ಎದುರಾಯಿತು.

2025ರಲ್ಲಿ ರಾಜ್ಯ ಸುಮಾರು 300 ಕೋಟಿ ಡಾಲರ್ ಬಜೆಟ್ ಕೊರತೆಯನ್ನು ಎದುರಿಸುತ್ತಿದ್ದಾಗ ಗವರ್ನರ್ ವೆಸ್ ಮೂರ್ ಕಾಯ್ದೆಯ ಕೆಲವು ಭಾಗಗಳನ್ನು ಮುಂದೂಡುವ ಮಸೂದೆ ತಂದರು. ಶಾಸಕಾಂಗವು ಅದನ್ನು ತಿದ್ದಿ ಅಂಗೀಕರಿಸಿತು. ಶಿಕ್ಷಕರ ಸಹಯೋಗದ ವೇಳೆಗೆ ಸಂಬಂಧಿಸಿದ ನಿಯಮವನ್ನು ಕೆಲವು ವರ್ಷ ಮುಂದಕ್ಕೆ ಹಾಕಲಾಯಿತು. ಕಾಯ್ದೆಯ ಐದು ಸ್ತಂಭಗಳು ಮಾತ್ರ ಉಳಿದುಕೊಂಡವು. ದಶಕಕ್ಕೂ ಮೀರಿದ ಗುರಿಯನ್ನು ವರ್ಷವರ್ಷದ ಬಜೆಟ್‌ನಿಂದ ಹೇಗೆ ಕಾಯುವುದು ಎಂಬ ಪ್ರಶ್ನೆ 2002ರ ಕಾಯ್ದೆಗೂ ಎದುರಾಗಿತ್ತು. ಆಗ ಇಲ್ಲದಿದ್ದ ಸ್ವತಂತ್ರ ಮಂಡಳಿ ಮತ್ತು ಮೀಸಲು ನಿಧಿ ಈ ಸಲ ಕಾನೂನಿನಲ್ಲೇ ಇವೆ.