ಪ್ಲೇಗು ಹಿಗ್ಗಿಸಿದ ಬೆಂಗಳೂರು

ಬೆಂಗಳೂರಿನ ಹಳೆಯ ಪೇಟೆ ಕಸುಬುಗಳ ಸುತ್ತ ಬೆಳೆದ ಊರು. 1537ರಲ್ಲಿ ಕೆಂಪೇಗೌಡ ಮಣ್ಣಿನ ಕೋಟೆ ಕಟ್ಟಿಸಿ ನೆಲೆಗೊಳಿಸಿದ ಈ ಊರಿನಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳ ಬೀದಿಗಳು ಕೂಡುವ ಚೌಕದ ಸುತ್ತ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆಗಳು ಹಬ್ಬಿಕೊಂಡವು. ಮುಂದೆ ಅಂಗಡಿ, ಹಿಂದೆ ಇಲ್ಲವೇ ಅಟ್ಟದ ಮೇಲೆ ಸಂಸಾರ. ಸರಕು, ಸಾಲ, ನೆಂಟಸ್ತನ ಎಲ್ಲವೂ ಕೂಗಳತೆಯಲ್ಲಿ ಇರುತ್ತಿದ್ದುದರಿಂದ ಇಕ್ಕಟ್ಟೇ ವ್ಯಾಪಾರಕ್ಕೆ ಅನುಕೂಲವಾಗಿತ್ತು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಸ್ಥಾಪಿಸಿದಾಗ ಇದಕ್ಕೆ ತದ್ವಿರುದ್ಧವಾದ ಊರೊಂದು ಪಕ್ಕದಲ್ಲೇ ಎದ್ದಿತು: ಅಗಲ ರಸ್ತೆಗಳು, ಕಾಂಪೌಂಡಿನ ನಡುವೆ ಬಂಗಲೆಗಳು. ಆದರೆ ದಂಡು ಪೂರ್ತಿ ಹಾಗಿರಲಿಲ್ಲ. ಅದಕ್ಕೆ ದುಡಿಯುವವರು ನೆಲೆಸಿದ ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ಪೇಟೆಯಷ್ಟೇ ಕಿಕ್ಕಿರಿದಿತ್ತು.

ಪೇಟೆಯ ಹೊರಗೆ ಬಡಾವಣೆ ಮಾಡುವ ಯೋಚನೆ ಮೈಸೂರು ಸರ್ಕಾರಕ್ಕೆ ಮೊದಲೇ ಇತ್ತು, ಚಾಮರಾಜಪೇಟೆ 1892ರದು. ಆ ಯೋಚನೆಗೆ ಅವಸರ ತಂದದ್ದು 1898ರ ಪ್ಲೇಗು. ಎರಡು ವರ್ಷ ಹಿಂದೆ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಪಿಡುಗು ರೈಲಿನ ದಾರಿ ಹಿಡಿದು ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು, ತಗಡಿನ ಶೆಡ್ಡುಗಳಲ್ಲಿ ತಂಗಿದರು. ಪ್ಲೇಗಮ್ಮನಿಗೆ ಗುಡಿಗಳು ಎದ್ದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಈ ಭಯದ ಬೆನ್ನಿಗೇ. ನೇರವಾದ ಮೇನ್ ರೋಡು, ಅದಕ್ಕೆ ಅಡ್ಡವಾಗಿ ಕ್ರಾಸುಗಳು, ಮನೆಯ ಸುತ್ತ ಖಾಲಿ ಜಾಗ, ಮಲ ಸಾಗಿಸುವವರು ಓಡಾಡಲು ಹಿತ್ತಿಲ ಕಡೆ ಕಿರುಓಣಿ — ಗಾಳಿ ಬೆಳಕು ಆಡಿದರೆ ರೋಗ ಬಾರದೆಂಬುದು ಈ ನಕ್ಷೆಯ ನಂಬಿಕೆ. ದಂಡಿನ ಕಡೆ ಫ್ರೇಜರ್ ಟೌನ್ ಕೂಡ ಇಲಿ ನುಸುಳದ ಮನೆಗಳ ಮಾದರಿ ಊರಾಗಿ 1906ರ ನಂತರ ರೂಪುಗೊಂಡಿತು.

ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿಗಳಿಗೆ ನೆಲೆ ಒದಗಿಸಿದ್ದು ತರಗುಪೇಟೆಯಂಥ ಕಡೆಯ ಧಾನ್ಯದ ಮಂಡಿಗಳು, ಬಿಲ ತೋಡಲು ಸುಲಭವಾದ ಮಣ್ಣಿನ ಗೋಡೆಗಳು. ಜನರ ಸಂಖ್ಯೆಗಿಂತ ಮನೆ ಕಟ್ಟಿದ ಬಗೆ, ಕಾಳು ದಾಸ್ತಾನಿಟ್ಟ ಬಗೆ ದೊಡ್ಡ ಕಾರಣ. ಆದರೂ ಆಳುವವರ ಮನಸ್ಸಿನಲ್ಲಿ ಉಳಿದದ್ದು ಇಕ್ಕಟ್ಟಿನ ಅಂಜಿಕೆ. ಹೊಸ ಬಡಾವಣೆಗೆ ಹೋದವರು ಹೆಚ್ಚಾಗಿ ಸಂಬಳದಾರರು, ಅನುಕೂಲಸ್ಥರು. ಅಂಗಡಿಯನ್ನು ಬಿಟ್ಟಿರಲಾಗದ ವರ್ತಕರೂ ಕೂಲಿಕಾರರೂ ಪೇಟೆಯಲ್ಲೇ ಉಳಿದರು. ಬ್ಲಾಕುಗಳನ್ನು ಜಾತಿವಾರು ಹಂಚಿದ್ದರಿಂದ, ರಸ್ತೆ ಅಗಲವಾದರೂ ಕೇರಿಯ ಕಟ್ಟು ಮಾತ್ರ ಸಡಿಲವಾಗಲಿಲ್ಲ.

ಹೊರಗೆ ಹೊರಗೆ ಸೈಟು ಹಂಚುತ್ತ ಹೋಗುವ ಪದ್ಧತಿ ಮುಂದೆ ಊರಿನ ರೂಢಿಯೇ ಆಯಿತು. 1940ರಲ್ಲಿ ಎಚ್‌ಎಎಲ್, ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 8 ಲಕ್ಷದ ಹತ್ತಿರ ಮುಟ್ಟಿತು. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿಯೂ 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ (ಬಿಡಿಎ) ಮಾಡಿದ್ದು ಮುಖ್ಯವಾಗಿ ಇದೇ ಕೆಲಸ: ಹೊಲ ಸ್ವಾಧೀನ, ನಕ್ಷೆ, ಸೈಟು ಹಂಚಿಕೆ. ಸರದಿಯಲ್ಲಿ ಕಾಯಲಾಗದವರು ಬೇಸಾಯದ ಜಮೀನಿನಲ್ಲೇ ಎದ್ದ ರೆವಿನ್ಯೂ ಲೇಔಟುಗಳಲ್ಲಿ ಮನೆ ಕಟ್ಟಿಕೊಂಡರು. ಬಡಾವಣೆಗಳು ದೂರವಿಡಲು ನೋಡಿದ ಇಕ್ಕಟ್ಟು ಹೀಗೆ ಊರಂಚಿನಲ್ಲಿ, ಚರಂಡಿಯೂ ಕೊಳಾಯಿಯೂ ತಲುಪುವ ಮೊದಲೇ, ಮತ್ತೆ ತಲೆಯೆತ್ತಿತು.

ಊರಿನ ಈ ಹರಡುವಿಕೆಗೆ ನೀರೂ ಬೆಲೆ ತೆತ್ತಿದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. 1974ರಿಂದ ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಲಾಗುತ್ತಿದೆ. ಊರೊಳಗಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು.

2007ರಲ್ಲಿ ಸುತ್ತಲಿನ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳು ಊರಿನ ಪಾಲಿಕೆಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ವಿಸ್ತೀರ್ಣ 700 ಚದರ ಕಿ.ಮೀ. ಮೀರಿತು. 2011ರ ಜನಗಣತಿಯಲ್ಲಿ ಅಲ್ಲಿ ಎಣಿಕೆಯಾದವರು 84 ಲಕ್ಷ. ಅಷ್ಟರಲ್ಲಿ ಮಲ್ಲೇಶ್ವರ, ಬಸವನಗುಡಿಗಳಲ್ಲೇ ಒಂಟಿ ಮನೆಗಳು ಬಿದ್ದು ಅದೇ ಸೈಟುಗಳ ಮೇಲೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. 2017ರಲ್ಲಿ ಮೆಟ್ರೋ ಚಿಕ್ಕಪೇಟೆಯ ನೆಲದಡಿಗೂ ಬಂತು.