ಲೈಪ್‌ಜಿಗ್: ಚಳಿಗಾಲದಲ್ಲಿ ಒಂದು ಸಂಗೀತನಗರ

ಯುರೋಪಿನ ಸಂಗೀತನಗರಗಳ ಮಾತು ಬಂದಾಗ ವಿಯೆನ್ನಾ, ಸಾಲ್ಜ್‌ಬರ್ಗ್‌ಗಳ ಹೆಸರೇ ಮೊದಲು ನೆನಪಿಗೆ ಬರುತ್ತದೆ. ಅವು ಅರಸರೂ ಮಹಾಧರ್ಮಾಧ್ಯಕ್ಷರೂ ಆಳಿದ ಊರುಗಳು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಲೈಪ್‌ಜಿಗ್ ಹಾಗಲ್ಲ. ರಾಜಾಸ್ಥಾನವಿದ್ದದ್ದು ಡ್ರೆಸ್ಡೆನ್ನಿನಲ್ಲಿ. ಲೈಪ್‌ಜಿಗ್‌ಗೆ ಇದ್ದದ್ದು ವರ್ತಕರ ಸಂತೆ, 1409ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಮತ್ತು ದೇವಾಲಯಗಳು. ಅಲ್ಲಿನ ಸಂಗೀತವನ್ನು ಸಾಕಿದವರು ಬಹುಮಟ್ಟಿಗೆ ಸಾಮಾನ್ಯ ನಾಗರಿಕರೇ ಎಂಬುದು ಆ ಊರಿನ ವೈಶಿಷ್ಟ್ಯ.

ಡಿಸೆಂಬರಿನಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗೆ ಎಂಟು ಗಂಟೆಗಳಷ್ಟೇ ಹಗಲು ದೊರೆಯುತ್ತದೆ. ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸವಿರುವ ಊರಾದ್ದರಿಂದ ಕತ್ತಲೆಯಿಂದ ನಷ್ಟವೇನಿಲ್ಲ. ಹಳೆಯ ಪುರಭವನದ ಮುಂದಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆ ನೆರೆದಿರುತ್ತದೆ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಪರಿಮಳ, ಮಸಾಲೆ ಬೆರೆಸಿ ಬಿಸಿ ಮಾಡಿದ ದ್ರಾಕ್ಷಾರಸ, ಒಣಹಣ್ಣುಗಳನ್ನು ತುಂಬಿ ಸಕ್ಕರೆ ಪುಡಿ ಉದುರಿಸಿದ 'ಸ್ಟೋಲೆನ್' ಎಂಬ ರೊಟ್ಟಿ, ಮರದ ಗೊಂಬೆಗಳು. ಕೈಬೆರಳು ಮರಗಟ್ಟುವ ಚಳಿಯಲ್ಲೂ ಜನ ಅಲ್ಲಿ ನಿಂತು ಹರಟುತ್ತಾರೆ. ಆ ಪುರಭವನದಲ್ಲಿಯೇ 1723ರ ಮೇ ತಿಂಗಳಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ನೌಕರಿಯ ಕರಾರಿಗೆ ಸಹಿ ಹಾಕಿದನು.

ನೌಕರಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಗರಸಭೆ ಮೊದಲು ಬಯಸಿದ್ದು ಟೆಲೆಮನ್‌ನನ್ನು, ಅನಂತರ ಗ್ರೌಪ್ನರ್‌ನನ್ನು. ಇಬ್ಬರೂ ದೊರೆಯದ ಮೇಲೆ ಬಾಖ್‌ನ ಸರದಿ ಬಂತು. ಆತ ಸಂತ ತೋಮಸರ ಶಾಲೆಯಲ್ಲಿ ಹುಡುಗರಿಗೆ ಹಾಡು ಕಲಿಸಬೇಕು. ನಗರದ ನಾಲ್ಕು ದೇವಾಲಯಗಳಿಗೆ ಗಾಯಕರನ್ನು ಒದಗಿಸಬೇಕು. ಮೊದಲ ಕೆಲವು ವರ್ಷಗಳಲ್ಲಂತೂ ವಾರವಾರವೂ ಹೊಸ ಕೃತಿಯನ್ನು ರಚಿಸಿ, ನಕಲು ಮಾಡಿಸಿ, ಅಭ್ಯಾಸ ಮಾಡಿಸಿ ಭಾನುವಾರದ ಆರಾಧನೆಗೆ ಸಿದ್ಧಗೊಳಿಸಬೇಕು. 1730ರಲ್ಲಿ ಆತ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಒಂದು ಲೆಕ್ಕವಿದೆ: 54 ಹುಡುಗರಲ್ಲಿ 17 ಮಂದಿ ಹಾಡಬಲ್ಲವರು, 20 ಮಂದಿ ಇನ್ನೂ ಕಲಿಯಬೇಕಾದವರು, ಉಳಿದ 17 ಮಂದಿ ಸಂಗೀತಕ್ಕೆ ಒದಗದವರು. ಗಾಯನವೃಂದವನ್ನು ನಡೆಸಿದ ಯಾರಿಗೂ ಈ ಲೆಕ್ಕ ಅಪರಿಚಿತವೆನಿಸದು. ಅದೇ ವರ್ಷ ಬಾಲ್ಯದ ಗೆಳೆಯನಿಗೆ ಬರೆದ ಪತ್ರದಲ್ಲಿ, ಊರಿನ ಹವೆ ಆರೋಗ್ಯಕರವಾಗಿದ್ದು ಶವಸಂಸ್ಕಾರಗಳು ಕಡಿಮೆಯಾದ ಕಾರಣ ವರ್ಷದ ವರಮಾನದಲ್ಲಿ ನೂರಕ್ಕೂ ಹೆಚ್ಚು ಥೇಲರ್ ನಾಣ್ಯಗಳು ಖೋತಾ ಆದವೆಂದು ದೂರಿಕೊಂಡಿದ್ದಾನೆ. ದೊಡ್ಡ ಸಂಸಾರವಿದ್ದ ಮನುಷ್ಯನ ಮಾತದು, ನಗಬಹುದು, ಹಳಿಯಲಾಗದು.

ಇಂತಹ ದೈನಂದಿನ ದುಡಿಮೆಯಿಂದಲೇ ಆ ಊರಿನ ಚಳಿಗಾಲದ ಮಹಾಕೃತಿ ಹುಟ್ಟಿತು. ಬಾಖ್‌ನ ಕ್ರಿಸ್‌ಮಸ್ ಓರಟೋರಿಯೋವನ್ನು ಇಂದು ಬಹುತೇಕ ಕಡೆ ಆಗಮನ ಕಾಲದಲ್ಲಿಯೇ, ಒಂದೆರಡು ಸಂಜೆಗಳ ಕಛೇರಿಯಾಗಿ ಹಾಡುತ್ತಾರೆ. ಅಂದಿನ ಕ್ರಮ ಬೇರೆ. ಲೈಪ್‌ಜಿಗ್‌ನಲ್ಲಿ ಆಗಮನ ಕಾಲದ ಎರಡನೆಯ ಭಾನುವಾರದಿಂದ ಕ್ರಿಸ್‌ಮಸ್‌ವರೆಗೆ ದೇವಾಲಯಗಳಲ್ಲಿ ವಾದ್ಯಗಳೊಡನೆ ಕ್ಯಾಂಟಾಟಾ ಹಾಡುವ ಪದ್ಧತಿ ಇರಲಿಲ್ಲ. ಮೂರು ಭಾನುವಾರಗಳ ಉಪವಾಸದಂತಹ ಆ ಸರಳತೆಯ ನಂತರ, 1734ರ ಡಿಸೆಂಬರ್ 25ರ ಬೆಳಗ್ಗೆ, ಬೆಂಕಿಯ ಕಾವಿಲ್ಲದ ದೇವಾಲಯದಲ್ಲಿ ಕಂಬಳಿ ಹೊದ್ದು ಕುಳಿತ ಸಭೆಗೆ ಮೊಟ್ಟಮೊದಲು ಕೇಳಿಸಿದ್ದು ನಗಾರಿಯ ಏಕಾಕಿ ನಾದ. ಹಿಂದೆಯೇ ಕೊಳಲು, ತುತ್ತೂರಿ, ಅನಂತರ ಇಡೀ ಗಾಯನವೃಂದ. ಕೃತಿಯ ಆರು ಭಾಗಗಳನ್ನು ಡಿಸೆಂಬರ್ 25, 26, 27, ಜನವರಿ 1, 2 ಮತ್ತು 6 ಎಂದು ಆರು ದಿನಗಳಿಗೆ ಹಂಚಲಾಗಿತ್ತು. ನಾಲ್ಕು ಭಾಗಗಳನ್ನು ಆಯಾ ದಿನವೇ ಸಂತ ತೋಮಸರ ಮತ್ತು ಸಂತ ನಿಕೋಲಾಸರ ದೇವಾಲಯಗಳೆರಡರಲ್ಲೂ ಹಾಡಿದರು. ಹುಡುಗರು ಒಂದು ದೇವಾಲಯದಲ್ಲಿ ಬೆಳಗ್ಗೆ ಹಾಡಿ, ಮಧ್ಯಾಹ್ನ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದರು. ಆ ಮೊದಲ ಹಾಡು ಹೊಸದೇನೂ ಅಲ್ಲ. ಹಿಂದಿನ ವರ್ಷ ರಾಣಿಯ ಹುಟ್ಟುಹಬ್ಬಕ್ಕೆ ರಚಿಸಿದ್ದ ಸಂಗೀತಕ್ಕೆ ಬಾಖ್ ಬೇರೆ ಪದಗಳನ್ನು ಹೊಂದಿಸಿದ್ದನು. ರಾಣಿಗೆ ಸಂದ ನಗಾರಿ ಗೋದಲಿಯ ಕೂಸಿಗೆ ಸಂದಿತು. ನಡುನಡುವೆ ಬರುವ ಸರಳ ಕೀರ್ತನೆಗಳ ರಾಗಗಳು ಸಭೆಗೆ ಮೊದಲೇ ಗೊತ್ತಿದ್ದವು. ಜರ್ಮನ್ ಸಭೆಗಳ ಇಂತಹ ಹಳೆಯ ರಾಗಗಳು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮೂಲಕ ಕನ್ನಡ ಕೀರ್ತನೆಗಳನ್ನೂ ಸೇರಿವೆ.

1212ರಲ್ಲಿ ಸ್ಥಾಪಿತವಾದ ಸಂತ ತೋಮಸರ ಬಾಲಕರ ಗಾಯನವೃಂದ ಇಂದಿಗೂ ಇದೆ. ಶಾಲೆಗೆ ರಜೆಯಿಲ್ಲದ ದಿನಗಳಲ್ಲಿ ಶುಕ್ರವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ ಅವರ ಹಾಡನ್ನು ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಕೇಳಬಹುದು. ಬಲಿಪೀಠದ ಮುಂದೆ ಕಂಚಿನ ಹಾಸಿನ ಕೆಳಗೆ ಬಾಖ್‌ನ ಸಮಾಧಿಯಿದೆ. ಆತ 1750ರಲ್ಲಿ ತೀರಿಕೊಂಡಾಗ ಹೂಳಿದ್ದು ಇನ್ನೊಂದು ಸ್ಮಶಾನದಲ್ಲಿ. ಇಲ್ಲಿಗೆ ತಂದದ್ದು ಎರಡನೆಯ ಮಹಾಯುದ್ಧದ ನಂತರ. ಆತನ ಕೃತಿಗಳನ್ನು ನಕಲು ಮಾಡಿಕೊಡುತ್ತಿದ್ದ ಹೆಂಡತಿ ಆನಾ ಮಗ್ದಲೇನಾ 1760ರಲ್ಲಿ ಧರ್ಮದ ಹಣದ ಆಸರೆಯಲ್ಲಿ ಸತ್ತಳು. ಆಕೆಯನ್ನು ಊರು ಅಷ್ಟು ಬೇಗ ಮರೆಯಬಾರದಿತ್ತು.

ಬಾಖ್‌ನನ್ನು ಊರಿಗೆ ಮತ್ತೆ ನೆನಪಿಸಿದವನು ಫೆಲಿಕ್ಸ್ ಮೆಂಡೆಲ್‌ಸೋನ್. ಯೆಹೂದಿ ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್‌ಸೋನನ ಮೊಮ್ಮಗ. ಬಾಲ್ಯದಲ್ಲಿಯೇ ದೀಕ್ಷಾಸ್ನಾನ ಪಡೆದವನು. ವರ್ತಕರು 1743ರಲ್ಲಿ ತಮ್ಮ ಹಣದಿಂದ ಆರಂಭಿಸಿದ್ದ ವಾದ್ಯವೃಂದವು ಬಟ್ಟೆ ವ್ಯಾಪಾರಿಗಳ ಭವನದಲ್ಲಿ ನೆಲೆಸಿ 'ಗೆವಾಂಡ್‌ಹೌಸ್' ಎಂಬ ಹೆಸರು ಪಡೆದಿತ್ತು. 1835ರಲ್ಲಿ ಮೆಂಡೆಲ್‌ಸೋನ್ ಅದರ ನಾಯಕನಾದನು. 1841ರಲ್ಲಿ ಸಂತ ತೋಮಸರ ದೇವಾಲಯದಲ್ಲಿಯೇ ಬಾಖ್‌ನ ಮತ್ತಾಯನ ಪ್ರಕಾರದ ಶ್ರಮೆಯ ಗಾಯನವನ್ನು ಹಾಡಿಸಿದನು. 1843ರಲ್ಲಿ ಸಂಗೀತ ಶಾಲೆಯನ್ನು ತೆರೆದನು. ಕಛೇರಿಗಳ ಹಣದಿಂದ ಬಾಖ್‌ನ ಸ್ಮಾರಕವನ್ನೂ ನಿಲ್ಲಿಸಿದನು. ಕೃತಜ್ಞ ನಗರವು 1892ರಲ್ಲಿ ಗೆವಾಂಡ್‌ಹೌಸ್‌ನ ಮುಂದೆ ಆತನ ಪ್ರತಿಮೆಯನ್ನು ಸ್ಥಾಪಿಸಿತು.

1936ರ ನವೆಂಬರ್ 9ರ ರಾತ್ರಿ, ಮೇಯರ್ ಕಾರ್ಲ್ ಗೋರ್ಡೆಲರ್ ಊರಿನಲ್ಲಿಲ್ಲದ ಸಮಯ ನೋಡಿ, ನಾಜಿಗಳು ಆ ಪ್ರತಿಮೆಯನ್ನು ಕೆಡವಿದರು. ಯೆಹೂದಿ ರಕ್ತದವನೆಂಬುದೇ ಮೆಂಡೆಲ್‌ಸೋನನ ಅಪರಾಧ. ಗೋರ್ಡೆಲರ್ ರಾಜೀನಾಮೆ ಕೊಟ್ಟು ಮುಂದೆ ಹಿಟ್ಲರನ ವಿರೋಧಿ ಗುಂಪನ್ನು ಸೇರಿದರು. 1945ರ ಫೆಬ್ರುವರಿಯಲ್ಲಿ ಅವರಿಗೆ ಮರಣದಂಡನೆಯಾಯಿತು. ಊರು ಮಾತ್ರ ಕಛೇರಿಗಳಿಗೆ ಹೋಗುತ್ತಲೇ ಇತ್ತು. ಪ್ರತಿಮೆ ಬಿದ್ದ ಎರಡು ವರ್ಷಗಳಿಗೆ, 1938ರ ನವೆಂಬರಿನಲ್ಲಿ, ಸಂತ ತೋಮಸರ ದೇವಾಲಯದಿಂದ ಕೆಲವೇ ನಿಮಿಷಗಳ ದೂರದಲ್ಲಿದ್ದ ಯೆಹೂದ್ಯರ ದೊಡ್ಡ ಸಭಾಮಂದಿರವನ್ನು ಸುಟ್ಟರು. ಸಂಗೀತವನ್ನು ಪ್ರೀತಿಸುವ ಊರು ನೆರೆಯವರನ್ನೂ ಪ್ರೀತಿಸಿಯೇ ತೀರುತ್ತದೆ ಎಂಬ ನಂಬಿಕೆಯನ್ನು ಲೈಪ್‌ಜಿಗ್ ಎತ್ತಿಹಿಡಿಯುವುದಿಲ್ಲ. ಆ ಮಂದಿರವಿದ್ದ ಜಾಗದಲ್ಲಿ 2001ರಿಂದ 140 ಕಂಚಿನ ಕುರ್ಚಿಗಳು ಸಾಲಾಗಿ ನಿಂತಿವೆ. ಎಲ್ಲವೂ ಖಾಲಿ. ಹಿಮ ಬಿದ್ದ ದಿನ ಅವುಗಳ ಮೇಲೆ ಒಂದೊಂದು ಬಿಳಿಯ ದಿಂಬು ಇಟ್ಟಂತಿರುತ್ತದೆ. ಸಂತೆಯ ಬೆಳಕಿನಿಂದ ಹೊರಬಿದ್ದು ಅಲ್ಲಿಯವರೆಗೆ ನಡೆದು ಹೋಗದ ಪ್ರವಾಸಿ ಆ ಊರನ್ನು ಅರ್ಧವೇ ಕಂಡಂತೆ.

ಯುದ್ಧದ ನಂತರ ಬಂದ ಸಮತಾವಾದಿ ಸರ್ಕಾರವೂ ಒಂದು ಗಾಯವನ್ನು ಉಳಿಸಿತು. ಮಾರ್ಟಿನ್ ಲೂಥರ್ 1545ರಲ್ಲಿ ಪ್ರತಿಷ್ಠಾಪಿಸಿದ್ದ ವಿಶ್ವವಿದ್ಯಾಲಯದ ದೇವಾಲಯವು ಯುದ್ಧದ ಬಾಂಬುಗಳಿಂದ ಪಾರಾಗಿತ್ತು. ಅದನ್ನು 1968ರ ಮೇ 30ರಂದು ಸಿಡಿಮದ್ದಿಟ್ಟು ಉರುಳಿಸಿದರು. 1723ರ ಇದೇ ಮೇ 30ರಂದು ಬಾಖ್ ಸಂತ ನಿಕೋಲಾಸರ ದೇವಾಲಯದಲ್ಲಿ ತನ್ನ ಸೇವೆಯ ಮೊದಲ ಕ್ಯಾಂಟಾಟಾ ಹಾಡಿಸಿದ್ದನೆಂಬುದು ಕಾಕತಾಳೀಯವೇ ಸರಿ. ಮೂರು ವಾರಗಳ ನಂತರ ಬಾಖ್ ಸ್ಪರ್ಧೆಯ ಮುಕ್ತಾಯ ಸಮಾರಂಭದಲ್ಲಿ, ಗಣ್ಯರ ಕಣ್ಣೆದುರಿಗೇ, ದೇವಾಲಯವನ್ನು ಮತ್ತೆ ಕಟ್ಟಬೇಕೆಂಬ ಬರಹವಿದ್ದ ಬಟ್ಟೆಯೊಂದು ವೇದಿಕೆಯ ಮೇಲೆ ಬಿಚ್ಚಿಕೊಂಡಿತು. ಅದು ಯುವ ವಿಜ್ಞಾನಿಗಳ ಕೆಲಸ.

ಸಂತ ನಿಕೋಲಾಸರ ದೇವಾಲಯದಲ್ಲಿ 1982ರಿಂದ ಸೋಮವಾರ ಸಂಜೆ ಐದಕ್ಕೆ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕೆಲವೊಮ್ಮೆ ಬಂದವರು ಬೆರಳೆಣಿಕೆಯಷ್ಟು. 1989ರ ಅಕ್ಟೋಬರ್ 9ರಂದು ಆಡಳಿತ ಪಕ್ಷವು ತನ್ನ ಸದಸ್ಯರನ್ನು ಮೊದಲೇ ಕಳುಹಿಸಿ ಪೀಠಗಳನ್ನು ತುಂಬಿಸಿತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಫಲಕ ಹಾಕಿದ್ದ ಪಾದ್ರಿ ಕ್ರಿಸ್ತಿಯಾನ್ ಫ್ಯೂರರ್ ಅವರು ಅವರನ್ನೂ ಸ್ವಾಗತಿಸಿದರು. ಹೊರಗೆ ಸುಮಾರು 70,000 ಜನ. ಗೆವಾಂಡ್‌ಹೌಸ್‌ನ ನಾಯಕ ಕುರ್ಟ್ ಮಸೂರ್ ಸೇರಿದಂತೆ ಆರು ಮಂದಿಯ ಶಾಂತಿಯ ಮನವಿ ಧ್ವನಿವರ್ಧಕಗಳಲ್ಲಿ ಕೇಳಿಬಂತು. ಹಲವರ ಕೈಯಲ್ಲಿ ಮೇಣದಬತ್ತಿಗಳಿದ್ದವು. ಗಾಳಿಗೆ ಆರದಂತೆ ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಮರೆಮಾಡಬೇಕು. ಕಲ್ಲೆತ್ತಲು ಕೈ ಉಳಿಯುವುದಿಲ್ಲ. ಆ ರಾತ್ರಿ ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಮೆಂಡೆಲ್‌ಸೋನನ ಪ್ರತಿಮೆಯ ಪ್ರತಿರೂಪವನ್ನು 2008ರಲ್ಲಿ ಸಂತ ತೋಮಸರ ದೇವಾಲಯದ ಬಳಿ ಮತ್ತೆ ನಿಲ್ಲಿಸಿದರು. ಕೆಡವಿದ ದೇವಾಲಯದ ಜಾಗದಲ್ಲಿ ವಿಶ್ವವಿದ್ಯಾಲಯದ ಸಭಾಂಗಣವೂ ದೇವಾಲಯವೂ ಕೂಡಿದ ಹೊಸ ಕಟ್ಟಡ 2017ರ ಡಿಸೆಂಬರಿನಲ್ಲಿ ತೆರೆಯಿತು.

ವರ್ಷದ ಕೊನೆಯವರೆಗೂ ಉಳಿಯುವ ಪ್ರವಾಸಿಗೆ ಇನ್ನೊಂದು ಭಾಗ್ಯವುಂಟು. ಮೊದಲನೆಯ ಮಹಾಯುದ್ಧ ನಿಂತು ಏಳು ವಾರಗಳಾಗಿದ್ದ 1918ರ ಡಿಸೆಂಬರ್ 31ರಂದು ಆರ್ಥರ್ ನಿಕಿಶ್ ಇಲ್ಲಿ ಕಾರ್ಮಿಕರಿಗಾಗಿ ಬೇತೋವೆನ್ನನ ಒಂಬತ್ತನೆಯ ಸಿಂಫನಿಯನ್ನು ನುಡಿಸಿದರು. ಕೊನೆಯ ಸಮೂಹಗಾನ ಹೊಸ ವರ್ಷದೊಡನೆ ಕೂಡಿಬರಲೆಂದು ಕಛೇರಿಯನ್ನು ರಾತ್ರಿ ಹನ್ನೊಂದಕ್ಕೆ ಆರಂಭಿಸಿದ್ದರು. ಈಗ ಗೆವಾಂಡ್‌ಹೌಸ್‌ನಲ್ಲಿ ವರ್ಷಾಂತ್ಯದ ದಿನಗಳಲ್ಲಿ ಅದೇ ಕೃತಿಯನ್ನು ನುಡಿಸುತ್ತಾರೆ. ಟಿಕೆಟ್ಟಿಗೆ ಮಾತ್ರ ಬಹಳ ಮುಂಚೆಯೇ ಬರೆದುಕೊಳ್ಳಬೇಕು.