ದೃಶ್ಯಮುದ್ರಿಕೆಗಳ ರೂಪಾಂತರದಲ್ಲಿ ಧ್ವನಿಸಂರಕ್ಷಣೆ

ಚಲಚ್ಚಿತ್ರಗಳನ್ನಾಗಲಿ ನೃತ್ಯನಾಟಕಾದಿಗಳ ಮುದ್ರಿಕೆಗಳನ್ನಾಗಲಿ ಒಂದು ರೂಪದಿಂದ ಮತ್ತೊಂದಕ್ಕೆ ಪರಿವರ್ತಿಸುವವರ ಗಮನವೆಲ್ಲ ಸಾಮಾನ್ಯವಾಗಿ ಚಿತ್ರದ ಸ್ಫುಟತೆಯಲ್ಲಿಯೇ ನೆಟ್ಟಿರುವುದರಿಂದ, ಧ್ವನಿಗೆ ಒದಗುವ ಹಾನಿ ಬಹುಮಟ್ಟಿಗೆ ಅಲಕ್ಷಿತವಾಗಿಯೇ ಉಳಿಯುತ್ತದೆ. ಈ ಹಾನಿಯು ರೂಪಾಂತರದ ಅನಿವಾರ್ಯಫಲವಲ್ಲ, ಅನಾವಶ್ಯಕವಾದ ಮರುಸಂಕೋಚನದ ಫಲವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಎಂಪಿ4, ಎಂಕೆವಿ ಮೊದಲಾದ ಹೆಸರುಗಳು ಸೂಚಿಸುವುದು ಹೊರಗಿನ ಸಂಪುಟವನ್ನು ಮಾತ್ರ. ಅದರೊಳಗೆ ಚಿತ್ರವೂ ಧ್ವನಿಯೂ ತಂತಮ್ಮ ಸಂಕೇತಪದ್ಧತಿಗಳಲ್ಲಿ ಪ್ರತ್ಯೇಕವಾಗಿಯೇ ಅಡಕವಾಗಿರುತ್ತವೆ. ಯಕ್ಷಗಾನದ ಒಂದು ಡಿವಿಡಿಯನ್ನು ತೆಗೆದುಕೊಂಡರೆ, ಅದರ ಚಿತ್ರವು ಎಂಪೆಗ್-2 ಪದ್ಧತಿಯಲ್ಲಿಯೂ ಧ್ವನಿಯು ಬಹುಮಟ್ಟಿಗೆ ಎಸಿ-3 ಪದ್ಧತಿಯಲ್ಲಿಯೂ ಇರುತ್ತದೆ. ಚಿತ್ರವನ್ನು ಎಚ್.264ಕ್ಕೆ ಬದಲಾಯಿಸಿ ಎಂಕೆವಿಯಲ್ಲಿಟ್ಟರೂ ಧ್ವನಿಯನ್ನು ಒಂದು ಬಿಟ್ಟೂ ಕದಲದಂತೆ ನಕಲಿಸಬಹುದು. ಆದರೆ ಫಾಬ್ರಿಸ್ ಬೆಲ್ಲಾರ್ಡ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್‌ನಂಥ ಸಮರ್ಥ ಸಾಧನವೂ, ಧ್ವನಿಯನ್ನು ‘ಕಾಪಿ’ ಮಾಡೆಂದು ಸ್ಪಷ್ಟವಾಗಿ ಹೇಳದ ಪಕ್ಷದಲ್ಲಿ, ಎಂಪಿ4 ತಯಾರಿಸುವಾಗ ಅದನ್ನು ಎಎಸಿಗೆ ಮರುಸಂಕೋಚಿಸಿಬಿಡುತ್ತದೆ.

ಈ ಮರುಸಂಕೋಚನದಲ್ಲಿ ಆಗುವುದೇನು? ಎಎಸಿ ಪದ್ಧತಿಯು ಧ್ವನಿಯನ್ನು ಸಾಧಾರಣವಾಗಿ 1024 ಮಾದರಿಗಳ ಖಂಡಗಳಾಗಿ, ಎಂದರೆ ಸೆಕೆಂಡಿಗೆ 48,000 ಮಾದರಿಗಳಿರುವಲ್ಲಿ ಸುಮಾರು 21 ಮಿಲಿಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ, ಪ್ರಬಲನಾದದ ಮರೆಯಲ್ಲಿ ಕಿವಿಗೆ ಬೀಳದವೆಂದು ಎಣಿಸಿದ ಅಂಶಗಳನ್ನು ಸ್ಥೂಲವಾದ ಅಂದಾಜಿನಲ್ಲಿ ಬರೆದಿಡುತ್ತದೆ. ಚೆಂಡೆಯ ಪೆಟ್ಟು ಖಂಡದ ನಡುವೆ ಬಿದ್ದಿತೆಂದರೆ, ಆ ಅಂದಾಜಿನ ದೋಷವು ಇಡೀ ಖಂಡಕ್ಕೆ ಹರಡಿ, ಪೆಟ್ಟಿಗೆ ಮುಂಚಿತವಾಗಿಯೇ ಮರಳು ಸುರಿದಂಥ ಸದ್ದು ಕೇಳಿಬರುತ್ತದೆ. ಇದನ್ನು ತಡೆಯಲೆಂದೇ ಒಳ್ಳೆಯ ಎನ್‌ಕೋಡರುಗಳು ಅಂಥಲ್ಲಿ 128 ಮಾದರಿಗಳ ಕಿರುಖಂಡಗಳಿಗೆ ಇಳಿಯುತ್ತವೆ. ಒಮ್ಮೆ ಸಂಕುಚಿತವಾದುದನ್ನೇ ಮತ್ತೆ ಸಂಕೋಚಿಸಿದಾಗ ಮೊದಲಿನ ದೋಷವೂ ಮೂಲಧ್ವನಿಯೆಂದೇ ಪರಿಗಣಿತವಾಗಿ, ಅದರ ಮೇಲೆ ಹೊಸ ದೋಷವೊಂದು ಕೂಡಿಕೊಳ್ಳುತ್ತದೆ. 128 ಕಿಲೋಬಿಟ್ಟಿನ ಧ್ವನಿಯನ್ನು 320ಕ್ಕೆ ಏರಿಸಿ ಸಮಾಧಾನಪಡುವವರುಂಟು. ಹಾಗೆ ಏರುವುದು ಫೈಲಿನ ಗಾತ್ರವೇ ಹೊರತು ಗುಣವಲ್ಲ.

ಧ್ವನಿಯನ್ನು ಮುಟ್ಟಲೇಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳ ಚಲಚ್ಚಿತ್ರವನ್ನು ದೂರದರ್ಶನದ ಪಾಲ್ (PAL) ಪದ್ಧತಿಗಾಗಿ 25ರ ವೇಗದಲ್ಲಿ ಓಡಿಸಿದ ಮುದ್ರಿಕೆಗಳಲ್ಲಿ, ಶ್ರುತಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದಲ್ಲಿ, ಅದು ಅರ್ಧಸ್ವರಾಂತರದ ಹತ್ತರಲ್ಲಿ ಏಳು ಪಾಲಿನಷ್ಟು ಏರಿರುತ್ತದೆ. ಸಂಗೀತಜ್ಞನ ಕಿವಿಗೆ ಇದು ಸಣ್ಣ ಅಪರಾಧವಲ್ಲ. ಅದನ್ನು ತಿದ್ದುವಾಗ ಧ್ವನಿಯನ್ನು ಬಿಡಿಸಿ, ಪಿಸಿಎಂ ಅಥವಾ ಫ್ಲಾಕ್‌ನಂಥ ನಷ್ಟರಹಿತ ರೂಪದಲ್ಲಿಯೇ ಕಡೆಯವರೆಗೂ ಇರಿಸಿಕೊಂಡು, ನಷ್ಟಸಹಿತವಾದ ಸಂಕೋಚನವು ಬೇಕೇ ಬೇಕಾದರೆ ಕೊನೆಯಲ್ಲಿ ಒಮ್ಮೆ ಮಾತ್ರ ಮಾಡತಕ್ಕದ್ದು.

ಸಂಗ್ರಹಕಾರರಲ್ಲಿ ವಿಜ್ಞಾಪನೆಯಿಷ್ಟೆ: ಮೂಲದ ಫೈಲನ್ನು ಅಳಿಸದಿರಿ, ಬೇಕಾದ ಪ್ರತಿಯೊಂದು ರೂಪವನ್ನೂ ಅದರಿಂದಲೇ ನೇರವಾಗಿ ತೆಗೆಯಿರಿ, ಹಿಂದೆ ಪರಿವರ್ತಿಸಿದ ಪ್ರತಿಯಿಂದಲ್ಲ.